ನೀರಿಗೆ ಬಿದ್ದರೂ ನೆನೆಯದ ಗರಿ

ಪತ್ರೊಡೆ ಮಾಡುವ ದಿನ ಕೆಸುವಿನ ಎಲೆ ಕೊಯ್ದು ತರುತ್ತೀರಿ. ಆ ಎಲೆಯ ಮೇಲೆ ಒಂದಿಷ್ಟು ನೀರು ಹೊಯ್ದು ನೋಡಿ. ಏನಾಗುತ್ತದೆ? ನೀರು ಹರಡುವುದಿಲ್ಲ. ಮುತ್ತಿನ ಹಾಗೆ ಉರುಟುರುಟಾಗಿ ಉರುಳುತ್ತದೆ. ಎಲೆ ಬಗ್ಗಿಸಿದರೆ ಕೆಳಗೆ ಬೀಳುತ್ತದೆ. ಎಲೆ ಒಣಗಿಯೇ ಇರುತ್ತದೆ. ಅದೇ ನೀರನ್ನು ಸೀರೆಯ ಸೆರಗಿನ ಮೇಲೆ ಹಾಕಿ. ಕೂಡಲೇ ಹೀರಿಕೊಂಡು ಒದ್ದೆಯಾಗುತ್ತದೆ.

ನೀರು ಒಂದೇ. ಆದರೆ ಒಂದಕ್ಕೆ ಅಂಟುತ್ತದೆ, ಇನ್ನೊಂದಕ್ಕೆ ಅಂಟುವುದಿಲ್ಲ. ಇದು ಯಾಕೆ?

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಇದೇ ಮಾತು ಬಂತು. ನಾನು ಒಂದು ಬಟ್ಟಲಲ್ಲಿ ನೀರು ತರಿಸಿದೆ. ಒಬ್ಬ ಅಕ್ಕನ ಹತ್ತಿರ ಹೊಲಿಗೆ ಸೂಜಿ ಇತ್ತು. ಅದನ್ನು ನೀರಿಗೆ ಹಾಕಿದೆವು. ಮುಳುಗಿತು. ತೆಗೆದು ಒರೆಸಿ, ತಲೆಗೆ ಹಚ್ಚಿದ ತೆಂಗಿನೆಣ್ಣೆ ಕೈಗೆ ತಾಗಿಸಿಕೊಂಡು ಸೂಜಿಗೆ ಸವರಿದೆವು. ಒಂದು ತುಂಡು ತೆಳು ಕಾಗದದ ಮೇಲೆ ಸೂಜಿ ಇಟ್ಟು ಮೆಲ್ಲಗೆ ನೀರಿನ ಮೇಲೆ ಬಿಟ್ಟೆವು. ಕಾಗದ ನೆನೆದು ಕೆಳಗೆ ಹೋಯಿತು. ಸೂಜಿ ನೀರಿನ ಮೇಲೆಯೇ ಮಲಗಿತು! ಕಬ್ಬಿಣ ತೇಲಿತು. ಆಮೇಲೆ ಒಂದು ಹನಿ ಸೋಪಿನ ನೀರು ಬಿಟ್ಟೆವು. ಸೂಜಿ ಸರ್ರೆಂದು ಮುಳುಗಿತು.

ನೀರಿನ ಕಣಗಳು ಒಂದನ್ನೊಂದು ಹಿಡಿದು ಎಳೆಯುತ್ತಲೇ ಇರುತ್ತವೆ. ಅದರಿಂದ ನೀರಿನ ಮೇಲ್ಭಾಗ ಬಿಗಿಯಾಗಿರುತ್ತದೆ, ಬಿಗಿಯಾಗಿ ಕಟ್ಟಿದ ಬಟ್ಟೆಯ ಹಾಗೆ. ಇದಕ್ಕೆ ಶಾಲೆಯ ಪುಸ್ತಕದಲ್ಲಿ ಮೇಲ್ಮೈ ಎಳೆತ ಎಂದು ಹೆಸರು. ಕೆರೆಯ ನೀರಿನ ಮೇಲೆ ಉದ್ದ ಕಾಲಿನ ಹುಳುಗಳು ಓಡಾಡುವುದನ್ನು ನೀವು ನೋಡಿದ್ದೀರಿ. ಅವು ಈ ಬಿಗಿಯ ಮೇಲೆಯೇ ಓಡುತ್ತವೆ. ಎಣ್ಣೆ ಸವರಿದ ಸೂಜಿಯನ್ನು ನೀರು ಒದ್ದೆ ಮಾಡಲಾರದು. ಆದ್ದರಿಂದ ಅದು ಆ ಬಿಗಿಯ ಮೇಲೆ ಕೂತಿತು. ಸೋಪು ಬಿಗಿಯನ್ನು ಸಡಿಲ ಮಾಡುತ್ತದೆ. ಬಟ್ಟೆ ಒಗೆಯಲು ಸೋಪು ಬೇಕಾದದ್ದೂ ಅದಕ್ಕೇ.

ಈ ಸೂಜಿಯ ಉಪಾಯದಿಂದಲೇ ಮೀನು ಹಿಡಿಯುವ ಜನ ಇದ್ದಾರೆ. ಅವರ ಕತೆ ಹೇಳುತ್ತೇನೆ.

ಗರಿಯ ಹುಳು

ಇಂಗ್ಲೆಂಡಿನಲ್ಲಿ ಟೆಸ್ಟ್ ಎಂಬ ಒಂದು ಹೊಳೆ ಇದೆ. ಸುಣ್ಣಕಲ್ಲಿನ ನೆಲದಿಂದ ಬರುವ ನೀರು. ತಣ್ಣಗೆ, ಗಾಜಿನ ಹಾಗೆ ತಿಳಿಯಾಗಿರುತ್ತದೆ. ಅಲ್ಲಿ ಟ್ರೌಟ್ ಎಂಬ ಮೀನು ಇದೆ. ತಣ್ಣೀರಿಲ್ಲದೆ ಅದು ಬದುಕುವುದಿಲ್ಲ. ಬ್ರಿಟಿಷರು ನಮ್ಮ ದೇಶಕ್ಕೂ ಅದನ್ನು ತಂದು ಕಾಶ್ಮೀರದಲ್ಲಿ, ನೀಲಗಿರಿಯಲ್ಲಿ ಬಿಟ್ಟರು.

ಆ ಹೊಳೆಗಳಲ್ಲಿ ಮೇಫ್ಲೈ ಎಂಬ ಹುಳು ಹುಟ್ಟುತ್ತದೆ. ಅದು ತಿಂಗಳುಗಟ್ಟಲೆ, ಕೆಲವು ಜಾತಿ ಒಂದೆರಡು ವರ್ಷ, ನೀರಿನ ಅಡಿಯಲ್ಲಿ ಮರಿಯಾಗಿ ಬೆಳೆಯುತ್ತದೆ. ಒಂದು ದಿನ ಮೇಲಕ್ಕೆ ಬಂದು ಪೊರೆ ಬಿಟ್ಟು ರೆಕ್ಕೆ ಬಿಚ್ಚುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಊಟ ಇಲ್ಲ, ತಿನ್ನುವ ಬಾಯಿಯೇ ಇಲ್ಲ. ಕೂಡಿ, ಮೊಟ್ಟೆ ಇಟ್ಟು, ಒಂದೆರಡು ದಿನದೊಳಗೆ ಸಾಯುತ್ತದೆ. ರೆಕ್ಕೆ ಒಣಗುವವರೆಗೆ ಅದು ನೀರಿನ ಮೇಲೆ ಕೂತು ತೇಲುತ್ತಾ ಹೋಗುತ್ತದೆ. ಆಗ ಟ್ರೌಟ್ ಕೆಳಗಿನಿಂದ ಬಂದು ಗಬಕ್ಕನೆ ನುಂಗುತ್ತದೆ.

ಈ ಹುಳುವನ್ನು ಗಾಳಕ್ಕೆ ಚುಚ್ಚುವುದು ಕಷ್ಟ. ಅಷ್ಟು ನಾಜೂಕು. ಅದಕ್ಕೇ ಅಲ್ಲಿಯವರು ಹುಳುವಿನ ಹಾಗೆ ಕಾಣುವ ಒಂದು ಗೊಂಬೆ ಮಾಡುತ್ತಾರೆ. ಸಣ್ಣ ಗಾಳಕ್ಕೆ ರೇಷ್ಮೆ ದಾರ ಸುತ್ತಿದರೆ ಅದು ಮೈ. ಹುಂಜದ ಕುತ್ತಿಗೆಯ ಗರಿಯನ್ನು ಗಾಳದ ಸುತ್ತ ಸುತ್ತಿದರೆ ಗರಿಯ ಎಳೆಗಳು ಸುತ್ತಲೂ ಚಾಚಿಕೊಳ್ಳುತ್ತವೆ. ಅವು ಕಾಲು. ಆ ಕಾಲುಗಳ ತುದಿಯ ಮೇಲೆ ಗಾಳ ನೀರಿನ ಮೇಲೆ ನಿಲ್ಲಬೇಕು. ಇದು ನೊಣದ ಹಾಗೆ ಕಾಣುತ್ತದೆ. ಆದ್ದರಿಂದ ಇದಕ್ಕೆ ಫ್ಲೈ ಎಂದು ಹೆಸರು. ನಾವು ಗರಿಹುಳು ಎಂದು ಕರೆಯೋಣ.

ನಮ್ಮ ಕೇಂದ್ರದಲ್ಲಿ ಮೀನು ಮಾರುವ ಅಕ್ಕಂದಿರಿದ್ದಾರೆ. ಅವರಿಗೆ ಇದು ತಮಾಷೆ ಕಂಡಿತು. "ಎರೆಹುಳ ಇಲ್ವಾ ಟೀಚರೇ ಅವರ ಊರಲ್ಲಿ?" ಎಂದರು. ಎರೆಹುಳ ಇದೆ. ಆದರೆ ಆ ಹೊಳೆಗಳಲ್ಲಿ ಅದನ್ನು ಹಾಕಬಾರದೆಂದು ನಿಯಮ ಮಾಡಿಕೊಂಡಿದ್ದಾರೆ. ಹಿಡಿದ ಮೀನನ್ನು ಎಷ್ಟೋ ಜನ ಹಾಗೆಯೇ ನೀರಿಗೆ ವಾಪಸು ಬಿಡುತ್ತಾರೆ. ಇದನ್ನು ಹೇಳಿದಾಗ ನಗು ಇನ್ನೂ ಜಾಸ್ತಿಯಾಯಿತು. "ಬಿಡೂದಾದ್ರೆ ಹಿಡಿಯೂದು ಎಂತಕ್ಕೆ? ಮತ್ತೆ ಪದಾರ್ಥಕ್ಕೆ ಎಂತ ಮಾಡ್ತಾರೆ?" ಎಂದು ಒಬ್ಬರು ಕೇಳಿದರು. ನನಗೂ ಅದಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ಮೀನು ಹಿಡಿಯುವುದು ಹೊಟ್ಟೆಪಾಡು. ಅವರಿಗೆ ಅದು ಆಟ. ಆಟಕ್ಕೂ ಎಷ್ಟು ತಲೆ ಓಡಿಸಿದ್ದಾರೆ ನೋಡಿ ಎಂದಷ್ಟೇ ಹೇಳಿದೆ.

ಗರಿಹುಳು ಕಟ್ಟುವ ಕೆಲಸದಲ್ಲಿ ಹೆಂಗಸರ ಕೈ ದೊಡ್ಡದು. ಸ್ಕಾಟ್ಲೆಂಡಿನಲ್ಲಿ ಮೆಗನ್ ಬಾಯ್ಡ್ ಎಂಬ ಹೆಂಗಸು ಇದ್ದರು. ಹುಟ್ಟಿದ್ದು 1915ರಲ್ಲಿ, ತೀರಿಕೊಂಡದ್ದು 2001ರಲ್ಲಿ. ಸಮುದ್ರದ ಬದಿಯ ಒಂದು ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಬಹಳ ವರ್ಷ ಆ ಮನೆಗೆ ಕರೆಂಟು ಇರಲಿಲ್ಲ. ಕಿಟಕಿಯ ಹತ್ತಿರ ಕೂತು ದಿನವಿಡೀ ಗರಿ ಕಟ್ಟಿ ಜೀವನ ಮಾಡಿದರು. ಅವರು ಕಟ್ಟುತ್ತಿದ್ದದ್ದು ತೇಲುವ ಜಾತಿಯಲ್ಲ. ಸಾಲ್ಮನ್ ಎಂಬ ದೊಡ್ಡ ಮೀನಿಗೆ ನೀರಿನೊಳಗೆ ಮುಳುಗಿಸಿ ಎಳೆಯುವ ಬಣ್ಣಬಣ್ಣದ ಗರಿಹುಳು. ಅವರ ಕೆಲಸಕ್ಕೆ ದೂರ ದೂರದ ಊರುಗಳಿಂದ ಬೇಡಿಕೆ ಬರುತ್ತಿತ್ತು. 1971ರಲ್ಲಿ ಬ್ರಿಟನ್ನಿನ ರಾಣಿಯ ಸರಕಾರ ಅವರಿಗೆ ಪದಕ ಕೊಟ್ಟಿತು. ನಾಯಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಅವರು ಅರಮನೆಗೆ ಹೋಗಲಿಲ್ಲವಂತೆ! ಇಷ್ಟು ಗಾಳ ಕಟ್ಟಿದ ಆ ಹೆಂಗಸಿಗೆ ಮೀನು ಹಿಡಿಯುವ ಆಸೆ ಮಾತ್ರ ಇರಲಿಲ್ಲ. ಕೊನೆಗೆ ಕಣ್ಣು ಮಂಜಾಗಿ ಕೆಲಸ ನಿಲ್ಲಿಸಬೇಕಾಯಿತು. ಬೀಡಿ ಕಟ್ಟುವ, ಹೂ ಕಟ್ಟುವ ಅಕ್ಕಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಆ ಬಣ್ಣದ ಗರಿಹುಳುಗಳಿಗೆ ನಮ್ಮ ಕಾಡಿನ ನಂಟೂ ಇದೆ. ಪಶ್ಚಿಮ ಘಟ್ಟದಲ್ಲಿ ಬೂದು ಬಣ್ಣದ ಕಾಡುಕೋಳಿ ಇದೆಯಲ್ಲ, ಅದರ ಹುಂಜದ ಕುತ್ತಿಗೆಯ ಗರಿಯ ಮೇಲೆ ಮೇಣದ ತೊಟ್ಟು ಇಟ್ಟ ಹಾಗೆ ಹೊಳೆಯುವ ಚುಕ್ಕೆಗಳಿರುತ್ತವೆ. ಆ ಚುಕ್ಕೆಗಾಗಿ ಹಿಂದೆ ಲೆಕ್ಕವಿಲ್ಲದಷ್ಟು ಕಾಡುಕೋಳಿಗಳನ್ನು ಕೊಂದು, ಕುತ್ತಿಗೆಯ ಚರ್ಮ ಸುಲಿದು ಹಡಗಿಗೆ ಹಾಕಿದರು. ಈಗ ಅದಕ್ಕೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಕೋಳಿ ಹಿಡಿಯುವುದು, ಕೊಲ್ಲುವುದು ಅಪರಾಧ. ಗಾಳದ ಆಟದ ಬಗ್ಗೆ ಒಂದು ಹೆಸರಾದ ಇಂಗ್ಲಿಷ್ ಪುಸ್ತಕ ಅಚ್ಚಾದದ್ದೂ ನಮ್ಮ ಮಂಗಳೂರಿನಲ್ಲೇ, 1873ರಲ್ಲಿ. ಹೆಸರು 'ದಿ ರಾಡ್ ಇನ್ ಇಂಡಿಯಾ'. ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್.

ಮುಳುಗಿದರೆ ಏನು ಮಾಡುವುದು?

ಈಗ ತೇಲುವ ಗರಿಹುಳಕ್ಕೆ ಬರೋಣ. ಅದು ಒಣಗಿದ್ದರೆ ಚೆನ್ನಾಗಿ ತೇಲುತ್ತದೆ. ಹತ್ತು ಸಲ ನೀರಿಗೆ ಹಾಕಿ ತೆಗೆದರೆ ಎಳೆಗಳ ನಡುವೆ ನೀರು ಸೇರುತ್ತದೆ. ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೀನು ಒಮ್ಮೆ ಕಚ್ಚಿತೆಂದರೆ ಕೆಲಸ ಇನ್ನೂ ಕೆಡುತ್ತದೆ. ಮೀನು ಕೊಯ್ಯುವಾಗ ನಿಮ್ಮ ಕೈಗೆ ಲೋಳೆ ಅಂಟುತ್ತದಲ್ಲ, ಅದೇ ಲೋಳೆ ಗರಿಗೂ ಅಂಟುತ್ತದೆ. ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗರಿಹುಳು ಮುಳುಗುತ್ತದೆ. ಮುಳುಗಿದ ಹುಳುವನ್ನು ಮೇಲೆ ನೋಡುತ್ತಿರುವ ಟ್ರೌಟ್ ಮೂಸುವುದೂ ಇಲ್ಲ.

ಹಿಂದಿನವರು ಗಾಳದ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಬೀಸಿ ನೀರು ಕೊಡವುತ್ತಿದ್ದರು. ತೇಲುವ ಗರಿಹುಳದ ಬಗ್ಗೆ ಫ್ರೆಡರಿಕ್ ಹಾಲ್‌ಫರ್ಡ್ ಎಂಬವರು 1886ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿಂದ ಈ ಆಟ ಬಹಳ ಹಬ್ಬಿತು. ಜನ ಗರಿಗೆ ಪ್ಯಾರಾಫಿನ್ ಎಣ್ಣೆ ಹಚ್ಚಲು ಕಲಿತರು. ನಮ್ಮ ಸೂಜಿಗೆ ತೆಂಗಿನೆಣ್ಣೆ ಹಚ್ಚಿದ ಹಾಗೆಯೇ. ಆಮೇಲೆ ಮೇಣದಂಥ ಮುಲಾಮುಗಳು ಬಂದವು.

ಎಣ್ಣೆಯಲ್ಲಿ ಒಂದು ತೊಂದರೆ ಇದೆ. ಹೆಚ್ಚಾದರೆ ಗರಿಯ ಎಳೆಗಳು ಜಡೆಗಟ್ಟುತ್ತವೆ. ತಲೆಗೆ ಎಣ್ಣೆ ಜಾಸ್ತಿಯಾದರೆ ಕೂದಲು ಅಂಟುವುದಿಲ್ಲವೇ? ಹಾಗೆ. ಬಾತುಕೋಳಿಯ ಗರಿಗೆ ಇದು ಸ್ವಲ್ಪವೂ ಆಗುವುದಿಲ್ಲ. ಬಾತುಕೋಳಿಯ ಬಾಲದ ಬುಡದಲ್ಲಿ ಒಂದು ಎಣ್ಣೆಯ ಗ್ರಂಥಿ ಇದೆ. ಅದು ಕೊಕ್ಕಿನಿಂದ ಆ ಎಣ್ಣೆ ತೆಗೆದು ಮೈಗೆಲ್ಲ ಸವರಿಕೊಳ್ಳುತ್ತದೆ. ಗ್ರಂಥಿಯ ಸುತ್ತ ಇರುವ ಪುಟ್ಟ ಗರಿಗಳು ಹತ್ತಿಯಷ್ಟು ಮೆತ್ತಗೆ. ಅವುಗಳ ಎಳೆಗಳಲ್ಲಿ ಗಾಳಿ ಸಿಕ್ಕಿಕೊಂಡು ತಾವಾಗಿಯೇ ತೇಲುತ್ತವೆ. ಅಂಥ ಗರಿಗೆ ಮುಲಾಮು ಹಚ್ಚಿದರೆ ಗಾಳಿ ಹೋಗಿ ಅದು ಮುದ್ದೆಯಾಗುತ್ತದೆ. ಇದಕ್ಕೆ ಒಣ ಮದ್ದು ಬೇಕಾಯಿತು. ಅದೇ ಈ ಪುಡಿ.

ಬಿಳಿ ಮಸಿ

ಪುಡಿ ಏನೆಂದು ತಿಳಿಯಲು ಮೊದಲು ನಿಮ್ಮ ಅಡುಗೆಮನೆಯ ಮಸಿಯನ್ನು ನೋಡೋಣ.

ಒಂದು ಹಳೆಯ ಸ್ಟೀಲ್ ಚಮಚ ತೆಗೆದುಕೊಳ್ಳಿ. ಹಿಡಿಗೆ ಬಟ್ಟೆ ಸುತ್ತಿ. ಮೇಣದ ಬತ್ತಿಯ ಉರಿಯೊಳಗೆ ಚಮಚದ ಬೆನ್ನನ್ನು ಹಿಡಿಯಿರಿ. ದಪ್ಪನೆ ಮಸಿ ಕಟ್ಟಲಿ. ಪೂರ್ತಿ ಆರಿದ ಮೇಲೆ, ಮಸಿ ಮುಟ್ಟದೆ, ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಕೆಸುವಿನ ಎಲೆಯ ಮೇಲೆ ಉರುಳಿದಂತೆ ಉರುಳಿ ಹೋಗುತ್ತದೆ. ಈಗ ಚಮಚವನ್ನು ಮೆಲ್ಲಗೆ ನೀರಿನಲ್ಲಿ ಮುಳುಗಿಸಿ. ಕಪ್ಪು ಚಮಚ ನೀರಿನೊಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ! ಹೊರಗೆ ತೆಗೆದರೆ ಮತ್ತೆ ಕಪ್ಪು, ಒಣ ಒಣ. ಹೊಳೆದದ್ದು ಬೆಳ್ಳಿಯಲ್ಲ, ಗಾಳಿ. ಮಸಿಯ ಸುತ್ತ ಗಾಳಿಯ ಒಂದು ತೆಳು ಪದರ ನಿಂತಿತ್ತು.

ಮಸಿಯ ಕಣ ಬಹಳ ಸಣ್ಣದು. ಕಣಗಳು ಒಂದರ ಮೇಲೊಂದು ಕೂತು ಏರುತಗ್ಗು ಮಾಡುತ್ತವೆ. ಹಿಡಿಸೂಡಿಯನ್ನು ತಲೆಕೆಳಗಾಗಿ ನಿಲ್ಲಿಸಿ ಕಡ್ಡಿಗಳ ತುದಿಯ ಮೇಲೆ ಬಟ್ಟೆ ಹಾಸಿದ ಹಾಗೆ ಎಂದುಕೊಳ್ಳಿ. ಬಟ್ಟೆ ತುದಿಗಳಿಗೆ ಮಾತ್ರ ತಾಗುತ್ತದೆ. ಕೆಳಗೆಲ್ಲ ಗಾಳಿ. ನೀರೂ ಹಾಗೆಯೇ ತುದಿಗಳ ಮೇಲೆ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಕೆಸುವಿನ ಎಲೆಯ ಮೇಲೂ, ತಾವರೆ ಎಲೆಯ ಮೇಲೂ ಕಣ್ಣಿಗೆ ಕಾಣದ ಮೇಣದ ಮೊಡವೆಗಳಿವೆ. ಇದನ್ನು ಜರ್ಮನಿಯ ಬಾರ್ತ್‌ಲಾಟ್ ಎಂಬ ಸಸ್ಯವಿಜ್ಞಾನಿ ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿ 1997ರಲ್ಲಿ ಜೊತೆಗಾರರೊಬ್ಬರೊಂದಿಗೆ ವಿವರವಾಗಿ ಬರೆದರು.

ಗರಿಹುಳದ ಪುಡಿ ಒಂದು ಬಗೆಯ ಬಿಳಿ ಮಸಿ. ಮರಳಿನಲ್ಲಿ, ಗಾಜಿನಲ್ಲಿ, ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಎಂಬ ವಸ್ತು ಇದೆ. ಕಾರ್ಖಾನೆಯಲ್ಲಿ ಸಿಲಿಕಾನ್ ಇರುವ ಒಂದು ರಾಸಾಯನಿಕವನ್ನು ಬಹಳ ಬಿಸಿಯ ಉರಿಯಲ್ಲಿ ಉರಿಸುತ್ತಾರೆ. ಆಗ ಸಿಲಿಕಾ ಹೊಗೆಯ ಹಾಗೆ ಬಂದು ಬಿಳಿ ಪುಡಿಯಾಗಿ ಕೂರುತ್ತದೆ. ಒಂದೊಂದು ಕಣ ತಲೆಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದು. ಒಂದು ಲೀಟರಿನ ಪಾತ್ರೆ ತುಂಬಿದರೂ ತೂಕ ಸುಮಾರು 50 ಗ್ರಾಂ ಅಷ್ಟೆ. ಆ ಕಣಗಳಿಗೆ ಸಿಲಿಕೋನ್ ಎಂಬ, ಎಣ್ಣೆಯ ಗುಣವಿರುವ ವಸ್ತುವಿನ ತೆಳು ಹೊದಿಕೆ ಕೊಡುತ್ತಾರೆ. ಏರುತಗ್ಗೂ ಇದೆ, ಎಣ್ಣೆಯ ಗುಣವೂ ಇದೆ. ಇನ್ನು ನೀರು ಎಲ್ಲಿ ಅಂಟೀತು?

ಬಳಸುವ ರೀತಿ ಸುಲಭ. ಆದರೆ ಕ್ರಮ ತಪ್ಪಬಾರದು. ಮೀನು ಕಚ್ಚಿದ ಗರಿಹುಳವನ್ನು ಮೊದಲು ಹೊಳೆಯ ನೀರಿನಲ್ಲೇ ಅಲ್ಲಾಡಿಸಿ ಲೋಳೆ ತೊಳೆಯಬೇಕು. ಒದ್ದೆಯಾದದ್ದನ್ನು ಮತ್ತೆ ತೊಳೆಯುವುದು ಯಾಕೆಂದು ಅನಿಸುತ್ತದೆ. ಆದರೆ ಲೋಳೆಯ ಮೇಲೆ ಪುಡಿ ಹಾಕಿದರೆ ಅದು ಹಿಟ್ಟಿನ ಅಂಟಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಬೇಕು. ಹಿಂದಿನವರು ಇದಕ್ಕೆ ಮರದ ಕಾಂಡಕ್ಕೆ ಹುಟ್ಟುವ ಒಂದು ಅಣಬೆಯನ್ನು ಹದ ಮಾಡಿ ಇಟ್ಟುಕೊಳ್ಳುತ್ತಿದ್ದರು. ಅದು ಚರ್ಮದ ಹಾಗೆ ಮೆತ್ತಗಿದ್ದು ನೀರನ್ನು ಚೆನ್ನಾಗಿ ಹೀರುತ್ತದೆ. ಈಗಲೂ ಅದನ್ನು ಇಟ್ಟುಕೊಳ್ಳುವವರಿದ್ದಾರೆ. ನೀರು ತೆಗೆದ ಮೇಲೆ, ದಾರ ಬಿಚ್ಚದೆ, ಗರಿಹುಳವನ್ನು ಪುಡಿಯ ಡಬ್ಬಿಗೆ ಇಳಿಸಿ, ಮುಚ್ಚಳ ಒತ್ತಿ, ನಾಲ್ಕಾರು ಸಲ ಕುಲುಕುತ್ತಾರೆ. ಕೆಲವರು ಪುಟ್ಟ ಕುಂಚದಿಂದ ಎಳೆ ಎಳೆಗೂ ಪುಡಿ ಹಚ್ಚುತ್ತಾರೆ. ಹೊರಗೆ ತೆಗೆದಾಗ ಅದು ಅಕ್ಕಿಹಿಟ್ಟಿನಲ್ಲಿ ಹೊರಳಿದ ಹಾಗೆ ಬಿಳಿಯಾಗಿರುತ್ತದೆ. ಒಂದೆರಡು ಸಲ ಗಾಳಿಯಲ್ಲಿ ಬೀಸಿದರೆ ಹೆಚ್ಚಿನ ಪುಡಿ ಉದುರುತ್ತದೆ. ಮತ್ತೆ ಎಳೆಗಳು ಬಿಡಿಬಿಡಿಯಾಗಿ ನಿಂತು ಗರಿಹುಳು ಹೊಸದರ ಹಾಗೆ ತೇಲುತ್ತದೆ. ಡಬ್ಬಿಯ ಬಾಯಿ ತೆರೆದಿಟ್ಟರೆ ಪುಡಿ ಗಾಳಿಗೆ ಹಾರಿ ಹೋಗುತ್ತದೆ. ಮೂಗಿಗೂ ಹೋಗುತ್ತದೆ. ಆದ್ದರಿಂದ ಮುಖ ದೂರ ಇಡಬೇಕು.

ಕೆಲವು ಡಬ್ಬಿಗಳಲ್ಲಿ ಪುಡಿಯ ಜೊತೆ ಸಣ್ಣ ಹರಳುಗಳೂ ಇರುತ್ತವೆ. ಆ ಹರಳೂ ಸಿಲಿಕಾವೇ. ಆದರೆ ಗುಣ ಪೂರಾ ಉಲ್ಟಾ! ಹೊದಿಕೆ ಇಲ್ಲದ ಸಿಲಿಕಾಕ್ಕೆ ನೀರೆಂದರೆ ಪ್ರೀತಿ. ಹರಳಿನ ಮೈತುಂಬ ಕಾಣದ ತೂತುಗಳಿದ್ದು ನೀರನ್ನು ಎಳೆದುಕೊಳ್ಳುತ್ತವೆ. ಹರಳು ಗರಿಯ ನೀರನ್ನು ಹೀರುತ್ತದೆ, ಪುಡಿ ಹೊಸ ನೀರನ್ನು ದೂರ ಇಡುತ್ತದೆ.

ಈ ಹರಳನ್ನು ನೀವೂ ನೋಡಿದ್ದೀರಿ. ಹೊಸ ಚಪ್ಪಲಿಯ ಡಬ್ಬದಲ್ಲಿ, ಹೊಸ ಬ್ಯಾಗಿನಲ್ಲಿ ಒಂದು ಪುಟ್ಟ ಕಾಗದದ ಪೊಟ್ಟಣ ಇರುತ್ತದಲ್ಲ, ಅದರಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಬಿಳಿ ಹರಳು ಸ್ವತಃ ವಿಷವಲ್ಲ. ಆದರೆ ಮಕ್ಕಳು ಸಕ್ಕರೆ ಎಂದು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು. ನೀಲಿ ಹರಳಿನಲ್ಲಿ ಕೋಬಾಲ್ಟ್ ಎಂಬ ಲೋಹದ ಉಪ್ಪು ಇರುವುದುಂಟು, ಅದು ಒಳ್ಳೆಯದಲ್ಲ. ಕೆಲವು ಪೊಟ್ಟಣಗಳಲ್ಲಿ ಬೇರೆ ವಸ್ತುವೂ ಇರಬಹುದು. ಪೊಟ್ಟಣದ ಮೇಲೆ ಬರೆದದ್ದನ್ನು ಓದಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಬಳಪದ ಧೂಳು

ಸಿಲಿಕಾದ ಮಾತು ಬಂದಾಗ ಇನ್ನೊಂದು ವಿಷಯ ಬಿಡಲಾಗದು. ನಮ್ಮ ಕೇಂದ್ರದಲ್ಲಿ ಇಬ್ಬರು ಅಕ್ಕಂದಿರು ಜಲ್ಲಿ ಕ್ರಷರಿನಲ್ಲಿ ದುಡಿದವರು. "ಹಾಗಾದ್ರೆ ನಮ್ಮ ಕಲ್ಲಿನ ಧೂಳಿನಲ್ಲೂ ಇದೇ ಇರೂದಾ?" ಎಂದು ಅವರೇ ಕೇಳಿದರು.

ಹೌದು. ಆದರೆ ರೂಪ ಬೇರೆ. ಗರಿಹುಳದ ಪುಡಿ ಉರಿಯಲ್ಲಿ ಹುಟ್ಟಿದ್ದು, ಅದರ ಕಣದ ಒಳಗೆ ಗಟ್ಟಿ ಜೋಡಣೆ ಇಲ್ಲ. ಅದು ಮೂಗಿಗೆ ಹೋದರೆ ಕೆಮ್ಮು, ಉರಿ ಬಂದೀತು. ಕಲ್ಲಿನ, ಮರಳಿನ ಸಿಲಿಕಾ ಹರಳುಗಟ್ಟಿದ್ದು. ಅದರ ಸಣ್ಣ ಧೂಳು ಶ್ವಾಸಕೋಶದ ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಅಲ್ಲೇ ಕೂತು ಗಾಯ ಮಾಡುತ್ತದೆ. ಗಾಯ ಮಾಗಿ ಗಂಟಾಗುತ್ತದೆ. ವರ್ಷ ಕಳೆದಂತೆ ಉಸಿರು ಕಟ್ಟುತ್ತದೆ. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಇದನ್ನು ಪೂರ್ತಿ ಗುಣ ಮಾಡುವ ಮದ್ದು ಇಲ್ಲ. ಮಧ್ಯಪ್ರದೇಶದ ಮಂದಸೌರ್ ಎಂಬಲ್ಲಿ ಸ್ಲೇಟು ಬಳಪ ಕೊಯ್ಯುವ ಕಾರ್ಖಾನೆಗಳಿದ್ದವು. ಅಲ್ಲಿ ದುಡಿದ ಬಹಳ ಜನ ಇದೇ ರೋಗದಿಂದ ಚಿಕ್ಕ ಪ್ರಾಯದಲ್ಲೇ ಸತ್ತರು. ಮಕ್ಕಳು ಅ, ಆ ತಿದ್ದುವ ಬಳಪ ಅದು. ಇದನ್ನು ಓದಿದ ಮೇಲೆ ಬಳಪ ಹಿಡಿದಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಕಲ್ಲು ಒಡೆಯುವಲ್ಲಿ, ಕೊಯ್ಯುವಲ್ಲಿ ನೀರು ಸಿಂಪಡಿಸಿದರೆ ಧೂಳು ಏಳುವುದು ಬಹಳ ಕಡಿಮೆಯಾಗುತ್ತದೆ. ಸಿಂಪಡಿಸುವ ವ್ಯವಸ್ಥೆ ಮಾಡಿಸುವುದು ಮಾಲೀಕರ ಕೆಲಸ. ಕೇಳಲು ಹೆದರಬೇಡಿ, ಒಬ್ಬರೇ ಹೋಗದೆ ಎಲ್ಲರೂ ಸೇರಿ ಕೇಳಿ. ಮುಖಕ್ಕೆ ಸೆರಗು ಕಟ್ಟಿದರೆ ದಪ್ಪ ಧೂಳು ನಿಲ್ಲುತ್ತದೆ, ಅಪಾಯದ ಸಣ್ಣ ಧೂಳು ನಿಲ್ಲುವುದಿಲ್ಲ. ಅದಕ್ಕೆಂದೇ ಮಾಡಿದ ಮುಖಗವಸು ಬೇಕು. ಒಣ ಧೂಳನ್ನು ಗುಡಿಸಬೇಡಿ, ನೀರು ಹಾಕಿ ತೆಗೆಯಿರಿ. ಧೂಳಿನ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ.

ಬಿಡದ ಕೆಮ್ಮು, ನಡೆದರೆ ಏದುಸಿರು ಇದ್ದರೆ ಆಸ್ಪತ್ರೆಗೆ ಹೋಗಿ. ಅಲ್ಲಿ ಡಾಕ್ಟರಿಗೆ ನೀವು ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೀರಿ ಎಂದು ಅವರು ಕೇಳದಿದ್ದರೂ ಹೇಳಿ. ಸಿಲಿಕೋಸಿಸನ್ನು ಕ್ಷಯ ಎಂದು ತಪ್ಪಾಗಿ ತಿಳಿಯುವುದುಂಟು. ಈ ರೋಗ ಇದ್ದವರಿಗೆ ಕ್ಷಯವೂ ಬೇಗ ಅಂಟುತ್ತದೆ. ನಮ್ಮ ಆ ಇಬ್ಬರು ಅಕ್ಕಂದಿರಲ್ಲಿ ಒಬ್ಬರು ಮರುವಾರವೇ ತಪಾಸಣೆಗೆ ಹೋಗಿ ಬಂದರು. ಹೋಗುವಾಗ ಒಂದು ಚೀಟಿಯಲ್ಲಿ ತಾವೇ ಬರೆದುಕೊಂಡಿದ್ದರು: ಜಲ್ಲಿ ಕೆಲಸ, 9 ವರ್ಷ.